ನನ್ನ ಅನುಭವ: ಹದಿಮೂರು ಚುಕ್ಕಿ, ನಾಲ್ಕು ಆಂಟೆನಾ

ಗ್ಯಾಸ್ ಲೈಟರ್ ಒತ್ತಿದಾಗ ಕಿಡಿಯ ಜೊತೆ ಒಂದು ಸಣ್ಣ ರೇಡಿಯೊ ಅಲೆಯೂ ಹೊರಡುತ್ತದೆ. ಅದನ್ನೇ ನಾನು ನ್ಯೂಟ್ರಿನೊ, ಅಂದರೆ ಯಾವುದಕ್ಕೂ ಬಹುಮಟ್ಟಿಗೆ ತಗುಲದೆ ಹಾದುಹೋಗುವ ಪುಟ್ಟ ಕಣ, ಅಂದುಕೊಂಡು ಕೆಲಸ ಶುರು ಮಾಡಿದೆ.

ನಿಜವಾದ ನ್ಯೂಟ್ರಿನೊ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ಅದರ ಗುರುತು ಹಿಡಿದಿದ್ದರು. ತುಂಬಾ ಶಕ್ತಿಯ ನ್ಯೂಟ್ರಿನೊ ಹಿಮಕ್ಕೆ ಬಡಿದರೆ ಕಣಗಳ ಮಳೆಯೇ ಆಗುತ್ತದೆ. ಅದರಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರುವುದರಿಂದ ರೇಡಿಯೊ ಮಿಡಿತ ಹೊಮ್ಮುತ್ತದೆ ಅಂತ ಭೌತವಿಜ್ಞಾನಿ ಅಸ್ಕಾರ್ಯನ್ 1962ರಲ್ಲೇ ಹೇಳಿದ್ದರು. ಹಿಮದಲ್ಲಿ ರೇಡಿಯೊ ಬಹಳ ದೂರ ಹೋಗುತ್ತದೆ. ಅದಕ್ಕೇ ದಕ್ಷಿಣ ಧ್ರುವದಲ್ಲಿ 200 ಮೀಟರ್ ಆಳದ ತೂತು ಕೊರೆದು ಆಂಟೆನಾ ಇಳಿಸಿದ್ದಾರೆ. ಮಿಡಿತ ಯಾವ ದಿಕ್ಕಿನಿಂದ ಬಂತು ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. ಯಾವ ಆಂಟೆನಾಗೆ ಎಷ್ಟು ತಡವಾಗಿ ಮುಟ್ಟಿತು ಅಂತ ನೋಡಿ ಅದನ್ನು ಲೆಕ್ಕ ಹಾಕುತ್ತಾರೆ.

ನನ್ನ ಹತ್ತಿರ ಇದ್ದದ್ದು ನವಲಗುಂದ ಕಡೆಯ ನಮ್ಮ ಎರೆ ಹೊಲ. ಕಡಲೆ ಕಿತ್ತ ಮೇಲೆ ಖಾಲಿ ಬಿದ್ದಿತ್ತು. ನಾಲ್ಕು ಬಿದಿರು ನೆಟ್ಟು, ಒಂದೊಂದಕ್ಕೆ ನೆಟ್ಟಗೆ ಒಂದು ಡೈಪೋಲ್ (ಎರಡು ತುಂಡು ತಂತಿಯ ಸರಳ ಆಂಟೆನಾ) ಕಟ್ಟಿದೆ. 150 ಮೆಗಾಹರ್ಟ್ಸ್‌ಗೆ ಅಲೆಯ ಉದ್ದ 2 ಮೀಟರ್, ಹಾಗಾಗಿ ಡೈಪೋಲ್ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಲೈಟರಿನ ತುದಿಗೂ ಎರಡು ತಂತಿ ಕಟ್ಟಿದೆ. ಮಿಡಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಕಾಲೇಜಿನದು, ಕರೆಂಟು ಇನ್ವರ್ಟರಿನದು. 15 ಮೀಟರ್ ದೂರದಲ್ಲಿ ತಮ್ಮ ನಿಂತಿದ್ದ. "ಈಗ ಒತ್ತಲೇನಣ್ಣಾ?"

ಮೊದಲ ದಿನ ಮೂರನೇ ಆಂಟೆನಾ ಯಾವಾಗಲೂ 5 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಐದು ಪಾಲು) ತಡ. ಅದರ ಕೇಬಲ್ಲು ಉಳಿದವಕ್ಕಿಂತ ಒಂದು ಮೀಟರ್ ಹೆಚ್ಚು ಉದ್ದ ಇತ್ತು, ಅಷ್ಟೇ. ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿದೆ.

ಎರಡನೇ ತೊಂದರೆ ನನ್ನನ್ನು ವಾರಗಟ್ಟಲೆ ಹಿಡಿದು ಕೂರಿಸಿತು. ಆಂಟೆನಾಗಳನ್ನು 0, 2, 4, 6 ಮೀಟರಿನಲ್ಲಿ ಸಮವಾಗಿ ನೆಟ್ಟಿದ್ದೆ. ತಮ್ಮ ಸಾಲಿನ ಎದುರು ನಿಂತು ಒತ್ತಿದರೂ, ಸಾಲಿನ ತುದಿಗೆ ಹೋಗಿ ಒತ್ತಿದರೂ ದಿಕ್ಕಿನ ಲೆಕ್ಕ ಒಂದೇ ಉತ್ತರ ಹೇಳುತ್ತಿತ್ತು. ಡೈಪೋಲಿನಲ್ಲಿ ಮಿಡಿತ ಒಂದೇ ಏಟಿಗೆ ಮುಗಿಯುವುದಿಲ್ಲ, ಗಂಟೆ ಬಾರಿಸಿದ ಹಾಗೆ ಕೆಲವು ಸಲ ಮೇಲೆ ಕೆಳಗೆ ಆಡುತ್ತದೆ. ತುದಿಯಿಂದ ಬಂದದ್ದು ಪ್ರತಿ ಆಂಟೆನಾಗೂ ಸರಿಯಾಗಿ ಒಂದು ಅಲೆ ತಡವಾಗಿ ಮುಟ್ಟುತ್ತದೆ. ಅಲೆ ಮೇಲೆ ಅಲೆ ಕೂತುಬಿಡುತ್ತದೆ. ವ್ಯತ್ಯಾಸ ಕಾಣುವುದಾದರೂ ಹೇಗೆ?

ಆಗ ಎಂ.ಎಸ್ಸಿ.ಯ ಫೈನೈಟ್ ಪ್ರೊಜೆಕ್ಟಿವ್ ಜಿಯೋಮೆಟ್ರಿ ನೆನಪಾಯಿತು. ಎಣಿಸಿ ಮುಗಿಸಬಹುದಾದಷ್ಟೇ ಚುಕ್ಕಿಗಳ ಜಗತ್ತು ಅದು. ನನಗೆ ತುಂಬಾ ಹಿಡಿಸಿದ್ದು 13 ಚುಕ್ಕಿ, 13 ಗೆರೆಗಳದ್ದು. ಪ್ರತಿ ಗೆರೆಗೆ ನಾಲ್ಕು ಚುಕ್ಕಿ. ಯಾವ ಎರಡು ಗೆರೆ ತಗೊಂಡರೂ ಒಂದೇ ಚುಕ್ಕಿಯಲ್ಲಿ ಕೂಡುತ್ತವೆ. ಚುಕ್ಕಿಗಳಿಗೆ 0ಯಿಂದ 12ರವರೆಗೆ ನಂಬರ್ ಹಾಕಿ ಗಡಿಯಾರದ ಹಾಗೆ ಸುತ್ತಲೂ ಇಟ್ಟರೆ 0, 1, 4, 6 ಒಂದು ಗೆರೆ. ಎಲ್ಲಕ್ಕೂ ಒಂದೊಂದು ಕೂಡಿಸುತ್ತಾ ಹೋದರೆ ಉಳಿದ ಗೆರೆಗಳೂ ಬರುತ್ತವೆ. ಇಂಥ ಜೋಡಣೆಗಳು ಸಿಗುತ್ತವೆ ಅಂತ ಗಣಿತಜ್ಞ ಜೇಮ್ಸ್ ಸಿಂಗರ್ 1938ರಲ್ಲಿ ತೋರಿಸಿದರು.

ಈಗ ಅಂತರ ಎಣಿಸಿ ನೋಡಿ. 0, 2, 4, 6ರಲ್ಲಿ ಸಿಗುವುದು 2, 4, 6 ಮಾತ್ರ, ಅದೂ ಮತ್ತೆ ಮತ್ತೆ. 0, 1, 4, 6ರಲ್ಲಿ 1ರಿಂದ 6ರವರೆಗೆ ಎಲ್ಲಾ ಅಂತರವೂ ಸಿಗುತ್ತದೆ, ಒಂದೊಂದೇ ಸಲ. ಅಂದರೆ ಎರಡನೇ ಬಿದಿರನ್ನು ಒಂದು ಮೀಟರ್ ಸರಿಸಿದರೆ ಸಾಕು!

ಕಿತ್ತು ನೆಟ್ಟೆ. ತಮ್ಮ ತುದಿಯಿಂದ ಒತ್ತಿದ. ಒಂದು ಮೀಟರ್ ಅಂದರೆ ಅರ್ಧ ಅಲೆ, ಹಾಗಾಗಿ ಎರಡನೇ ಆಂಟೆನಾದ ಅಲೆ ಈಗ ಉಳಿದವಕ್ಕೆ ತಲೆಕೆಳಗು. ಎದುರಿನಿಂದ ಒತ್ತಿದಾಗ ನಾಲ್ಕೂ ಒಂದೇ ಕಡೆ. ಆ ಪರದೆಯನ್ನು ಎಷ್ಟು ಹೊತ್ತು ನೋಡುತ್ತಾ ನಿಂತೆನೋ!

ಆದರೆ ಸಾಲಿನ ಎಡಕ್ಕಾ ಬಲಕ್ಕಾ ಅನ್ನುವುದು ಇದರಲ್ಲಿ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿವೆ, ಅಲ್ವಾ? ಅದಕ್ಕೇ ಐದನೆಯ ಬಿದಿರನ್ನು ಸಾಲು ಬಿಟ್ಟು ಬದುವಿನ ಹತ್ತಿರ ನೆಟ್ಟಿದ್ದೇನೆ.