ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡೋದು ನಿಲ್ಲಿಸಿದ ಕತೆ

ನಮ್ಮದು ಮೂಡಿಗೆರೆ ಕಡೆ ಹನ್ನೆರಡು ಎಕರೆ ಕಾಫಿ ತೋಟ. ಎಂಟು ಎಕರೆ ಅರೇಬಿಕಾ, ಉಳಿದಿದ್ದು ರೊಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ರೊಬಸ್ಟಾವನ್ನು ಹಣ್ಣು ಸಮೇತ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುತ್ತೇವೆ, ಅರೇಬಿಕಾ ಮಾತ್ರ ಪಲ್ಪ್ ಮಾಡಿ, ಅಂದರೆ ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು ಒಣಗಿಸಿ ಪಾರ್ಚ್‌ಮೆಂಟ್. ಪಲ್ಪರ್ ಇದ್ದಿದ್ದು ಹಳ್ಳದ ದಂಡೆಗೆ. ಅಪ್ಪ ಬೇಕಂತಲೇ ಅಲ್ಲಿ ಹಾಕಿಸಿದ್ದರು. ನೀರು ಎತ್ತೋಕೂ ಸುಲಭ, ಬಿಡೋಕೂ ಸುಲಭ ಅಲ್ವಾ? ಹರಿಯೋ ನೀರಲ್ಲಿ ಏನು ಬಿಟ್ಟರೂ ಕರಗಿ ಹೋಗುತ್ತೆ ಅಂತ ನಾವೂ ನಂಬಿಕೊಂಡಿದ್ದೆವು.

ಒಂದು ಜನವರಿಯಲ್ಲಿ ಬೆಳಿಗ್ಗೆ ಕೆಳಗಿನ ಮನೆ ಮಾವ ಬಂದರು. ರಕ್ತಸಂಬಂಧ ಏನಿಲ್ಲ, ಚಿಕ್ಕಂದಿನಿಂದ ಮಾವ ಅಂತಲೇ ಕರೆದು ರೂಢಿ. ಅವರ ಗದ್ದೆ, ಎಮ್ಮೆ ಎಲ್ಲಾ ಅದೇ ಹಳ್ಳದ ಕೆಳಭಾಗದಲ್ಲಿ. ಬಂದವರು ಜಗಲಿ ಮೇಲೆ ಒಂದು ಬಾಟಲಿ ಇಟ್ಟರು. ಒಳಗೆ ಡಿಕಾಕ್ಷನ್ ಬಣ್ಣದ ನೀರು, ಮೇಲೆ ನೊರೆ. "ಇದ್ನ ನಿನ್ ದನಕ್ಕೆ ಇಟ್ಟು ನೋಡಪ್ಪಾ, ಮೂಸ್ತಾವೇನೋ" ಅಂದರು. ಅಷ್ಟೇ. ಕಾಫಿ ಕೊಟ್ಟರೆ ಕುಡಿಯಲಿಲ್ಲ, ಎದ್ದು ಹೋದರು. ನಮ್ಮೂರಲ್ಲಿ ಕೊಟ್ಟ ಕಾಫಿ ಬೇಡ ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕಿಲ್ಲ.

ಸಿಟ್ಟು ಬಂತು, ನಿಜ. ಎಲ್ಲರೂ ಬಿಡ್ತಾರೆ, ನನ್ನನ್ನೇ ಯಾಕೆ ಕೇಳ್ತಾರೆ ಅಂತ. ಆಮೇಲೆ ಹಳ್ಳದ ಗುಂಟ ಒಂದು ಕಿಲೋಮೀಟರ್ ನಡೆದು ಹೋದೆ. ಕಲ್ಲುಗಳ ಮೇಲೆಲ್ಲಾ ಬಿಳಿ ಲೋಳೆ, ಮಡುವಿನಲ್ಲಿ ಸತ್ತ ಮೀನು, ಕೊಳೆತ ವಾಸನೆ. ಆ ಹಳ್ಳ ಹೋಗಿ ಸೇರೋದು ಹೇಮಾವತಿಗೆ, ಹೇಮಾವತಿ ಹೋಗೋದು ಗೊರೂರು ಡ್ಯಾಮಿಗೆ, ಹಾಸನದಲ್ಲಿರೋ ನನ್ನ ತಂಗಿ ಮನೆ ನಲ್ಲಿಗೂ ಅದೇ ಹೊಳೆ ನೀರು.

ಆಗೋದು ಇಷ್ಟು. ಹಣ್ಣಿನ ಸಿಪ್ಪೆಯಲ್ಲಿ, ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ ಇರುತ್ತೆ. ಅದು ನೀರಿಗೆ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವು ತಿನ್ನುತ್ತಾ ತಿನ್ನುತ್ತಾ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತೆ. ಜೊತೆಗೆ ಹುಳಿ ಬೇರೆ. ಹುಳಿ ಅಳೆಯೋ ಪಿಎಚ್ ಪೇಪರ್ ತಂದು ಅದ್ದಿ ನೋಡಿದೆ, ನಾಲ್ಕರ ಹತ್ತಿರ ತೋರಿಸಿತು. ಏಳು ಅಂದರೆ ಹುಳಿ ಇಲ್ಲ, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಮಳೆಗಾಲದಲ್ಲಾದರೆ ಹಳ್ಳ ತುಂಬಿ ಹರಿಯುತ್ತೆ, ಹೇಗೋ ತಡೆದುಕೊಳ್ಳಬಹುದು. ಆದರೆ ಅರೇಬಿಕಾ ಕೊಯ್ಲು ಜೋರಾಗೋದು ಡಿಸೆಂಬರ್, ಜನವರಿಯಲ್ಲಿ, ಹಳ್ಳ ಬಡವಾಗೋದೂ ಆಗಲೇ.

ಎಲ್ಲರೂ ಹೇಳಿದ್ದು ಟ್ಯಾಂಕ್ ಕಟ್ಟಿಸು ಅಂತ. ನಾನೂ ಮೇಸ್ತ್ರಿ ಕರೆಸಿದೆ. ಎಷ್ಟು ದೊಡ್ಡದು ಬೇಕು ಅಂತ ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತೆ ಅಂತ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಅಳೆದೇ ಇರಲಿಲ್ಲ. ಇನ್ನೂರು ಲೀಟರ್ ಡ್ರಮ್ ಇಟ್ಟುಕೊಂಡು ಒಂದು ದಿನ ಲೆಕ್ಕ ಹಾಕಿದೆ. ಸಾವಿರ ಕೆಜಿ ಹಣ್ಣಿಗೆ, ಪಲ್ಪಿಂಗ್ ಮತ್ತು ತೊಳೆಯೋದು ಸೇರಿ, ನಲವತ್ತು ಡ್ರಮ್ ಅಂದರೆ ಎಂಟು ಸಾವಿರ ಲೀಟರ್! ಅಷ್ಟಕ್ಕೆ ಟ್ಯಾಂಕ್ ಕಟ್ಟಿಸೋಕೆ ಹೊರಟಿದ್ದರೆ ಆ ವರ್ಷದ ಕಾಫಿ ದುಡ್ಡೆಲ್ಲಾ ಸಿಮೆಂಟಿಗೇ ಹೋಗುತ್ತಿತ್ತು. ಮೇಸ್ತ್ರಿಯನ್ನು ವಾಪಸ್ ಕಳಿಸಿದೆ. ಇದೊಂದು ನಿರ್ಧಾರ ಸರಿಯಾಯಿತು. ಮೊದಲು ನೀರು ಕಡಿಮೆ ಮಾಡಬೇಕು, ಟ್ಯಾಂಕಿನ ಮಾತು ಆಮೇಲೆ.

ನೋಡಿದರೆ ಅರ್ಧಕ್ಕರ್ಧ ನೀರು ಖರ್ಚಾಗುತ್ತಿದ್ದಿದ್ದು ಸಿಪ್ಪೆಯನ್ನು ಗುಂಡಿಗೆ ತಳ್ಳೋಕೆ. ಪಲ್ಪರ್ ಹಿಂದೆ ಒಂದು ಕಾಲುವೆ, ಅದರಲ್ಲಿ ನೀರು ಬಿಟ್ಟು ಸಿಪ್ಪೆ ತೇಲಿಸೋದು. ಸಾವಿರ ಕೆಜಿ ಹಣ್ಣಿಗೆ ಹತ್ತಿರ ಹತ್ತಿರ ನಾನೂರು ಕೆಜಿ ಸಿಪ್ಪೆ ಬರುತ್ತೆ. ಅಷ್ಟನ್ನೂ ನಾವೇ ನೀರಲ್ಲಿ ನೆನೆಸಿ ಅದರ ಸಕ್ಕರೆ ಇಳಿಸಿ ಹಳ್ಳಕ್ಕೆ ಕೊಡುತ್ತಿದ್ದೆವು. ಕೊಲಂಬಿಯಾದ ಕಾಫಿ ಸಂಶೋಧನಾ ಕೇಂದ್ರ ಸೆನಿಕಫೆಯವರು ಮಾಡಿದ್ದೂ ಇದನ್ನೇ ಅಂತ ಆಮೇಲೆ ಓದಿದೆ. ಅಲ್ಲೂ ಸಣ್ಣ ರೈತರೇ ಜಾಸ್ತಿ, ಬೆಟ್ಟದ ತೋಟ, ಕೆಳಗೆ ಹೊಳೆ. ಅವರು ಸಿಪ್ಪೆಗೆ ನೀರು ಸೋಕಿಸದೆ ಸಾಗಿಸೋ, ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯೋ ವ್ಯವಸ್ಥೆ ಮಾಡಿದರು. ನನಗೆ ಆ ಯಂತ್ರ ಕೊಳ್ಳೋ ಶಕ್ತಿ ಇರಲಿಲ್ಲ. ಪಲ್ಪರನ್ನೇ ಹಳ್ಳದ ದಂಡೆಯಿಂದ ಎಬ್ಬಿಸಿ ಕಣದ ಪಕ್ಕದ ದಿಬ್ಬದ ಮೇಲೆ ಕೂರಿಸಿದೆ, ಹಿಂದೆ ಕಡಿದಾಗಿ ತಗಡಿನ ಜಾರುಬಂಡಿ ಮಾಡಿಸಿದೆ. ಸಿಪ್ಪೆ ತಾನೇ ಜಾರಿ ಗೊಬ್ಬರದ ಗುಂಡಿಗೆ ಬೀಳುತ್ತೆ, ಸಿಕ್ಕಿಕೊಂಡಾಗ ಒಬ್ಬರು ಗೋರೆಯಲ್ಲಿ ಎಳೆಯಬೇಕು. ಮೊದಲ ವಾರ ಕೆಲಸದವರು "ನೀರು ಬಿಟ್ರೆ ಆಗೋ ಕೆಲ್ಸಕ್ಕೆ ಇದೆಂಥ ಗೋಳು ಅಣ್ಣ" ಅಂತ ಗೊಣಗಿದರು. ಸುಮ್ನೆ ಇದ್ದೆ.

ಎರಡನೇ ಉಳಿತಾಯ ತೊಳೆಯೋದರಲ್ಲಿ. ಲೋಳೆ ಬಿಡಲಿ ಅಂತ ಹುದುಗು ಬರಿಸಿದ ಬೀಜವನ್ನು ಬೆಳಿಗ್ಗೆ ಮೂರು ಸಲ ತೊಳೆಯುತ್ತೇವೆ. ಮೊದಲ ನೀರು ಗಂಜಿ ಥರ, ಮೂರನೇದು ಹೆಚ್ಚುಕಮ್ಮಿ ತಿಳಿ. ಆ ತಿಳಿ ನೀರನ್ನು ಹಿಡಿದಿಟ್ಟು ಅವತ್ತೇ ಸಂಜೆಯ ಪಲ್ಪಿಂಗಿಗೆ ಬಳಸುತ್ತೇನೆ. ಅವತ್ತೇ ಅನ್ನೋದು ಮುಖ್ಯ. ಒಂದು ಸಲ ಕೆಲಸದವರು ಬರಲಿಲ್ಲ ಅಂತ ನೀರು ಎರಡು ದಿನ ನಿಂತಿತ್ತು, ಚೆಲ್ಲೋಕೆ ಮನಸ್ಸು ಬರದೆ ಅದನ್ನೇ ಬಳಸಿದೆ. ಆ ಲಾಟಿನಲ್ಲಿ ಸ್ಟಿಂಕರ್ ಬಂತು, ನಾರುವ ಬೀಜ. ವ್ಯಾಪಾರಿ ಒಂದು ಹಿಡಿ ಮೂಸಿ ಮುಖ ಕಿವುಚಿದ, ರೇಟು ಮುರಿದ. ಪಾಠ ಕಲಿತಿದ್ದಕ್ಕೆ ತೆರಿಗೆ ಕಟ್ಟಿದೆ ಅಂದುಕೊಂಡೆ.

ಈಗ ಸಾವಿರ ಕೆಜಿಗೆ ಹನ್ನೆರಡು ಹದಿಮೂರು ಡ್ರಮ್ಮಿನಲ್ಲಿ ಮುಗಿಯುತ್ತೆ. ಅಷ್ಟಕ್ಕೆ ಎರಡು ಸಣ್ಣ ತೊಟ್ಟಿ, ಒಂದು ಹೊಂಡ ಸಾಕಾಯಿತು. ಮೊದಲ ತೊಟ್ಟಿಯಲ್ಲಿ ಜಾಲರಿ ಇಟ್ಟು ಸಿಪ್ಪೆ ಚೂರು ಸೋಸಿ, ಸುಣ್ಣದ ತಿಳಿ ಕಲಸಿ, ಪಿಎಚ್ ಪೇಪರ್ ಏಳರ ಹತ್ತಿರ ಬರೋವರೆಗೆ ಹಾಕೋದು. ಕಣ್ಣಂದಾಜು ಬೇಡ, ಹಣ್ಣಿನ ಮೇಲೆ ದಿನ ದಿನ ಬದಲಾಗುತ್ತೆ. ಎರಡನೇ ತೊಟ್ಟಿಯಲ್ಲಿ ಗಸಿ ಇಳಿಯುತ್ತೆ. ಹೊಂಡದಲ್ಲಿ ವಾರಗಟ್ಟಲೆ ನಿಂತ ಮೇಲೆ ಅದಕ್ಕೆ ಒಳ್ಳೆ ನೀರು ಬೆರೆಸಿ ದನದ ಮೇವಿನ ನೇಪಿಯರ್ ಹುಲ್ಲಿಗೆ ಬಿಡುತ್ತೇನೆ. ಹೊಂಡಕ್ಕೆ ಬೇಲಿ ಹಾಕೋದು ಮೊದಲೇ ಮಾಡಬೇಕಿತ್ತು, ನಮ್ಮ ಕರು ಬಿದ್ದು ಹಗ್ಗ ಹಾಕಿ ಎಳೆದ ಮೇಲೆ ಬುದ್ಧಿ ಬಂತು.

ಗೋಬರ್ ಗ್ಯಾಸಿನ ಕತೆ ಹೇಳಲೇಬೇಕು. ಕಾಫಿ ನೀರಿನಿಂದ ಗ್ಯಾಸ್ ಬರುತ್ತೆ ಅಂತ ಗೊತ್ತಾದ ಉತ್ಸಾಹದಲ್ಲಿ, ಮನೆಯ ಗೋಬರ್ ಗ್ಯಾಸ್ ಗುಂಡಿಗೆ ಒಂದೇ ದಿನ ಮೂರು ಡ್ರಮ್ ಹಸಿ ನೀರು ಸುರಿದೆ, ಸುಣ್ಣ ಕೂಡ ಹಾಕದೆ. ನಾಲ್ಕನೇ ದಿನಕ್ಕೆ ಒಲೆ ಉರಿ ನೀಲಿ ಹೋಗಿ ಬುಸ್ ಅಂದು ಆರಿತು. ಹುಳಿಗೆ ಗ್ಯಾಸ್ ಮಾಡೋ ಜೀವಾಣುಗಳು ಕೈ ಚೆಲ್ಲಿಬಿಟ್ಟಿದ್ದವು. ಹೆಂಡತಿ ಮೂರು ವಾರ ಸೌದೆ ಒಲೆ ಊದಿದಳು, ಊದುತ್ತಾ ಏನೇನಂದಳು ಅಂತ ಇಲ್ಲಿ ಬರೆಯೋಲ್ಲ. ಸುಣ್ಣ, ಹೊಸ ಸಗಣಿ ಹಾಕಿ ಕಾದ ಮೇಲೆ ಸರಿಹೋಯಿತು. ಈಗ ಹುಳಿ ತೆಗೆದ ನೀರನ್ನು ದಿನಕ್ಕೆ ಎರಡು ಕೊಡಪಾನದಿಂದ ಶುರು ಮಾಡಿ, ಸಗಣಿ ಜೊತೆ ಕಲಸಿ, ನಿಧಾನಕ್ಕೆ ಏರಿಸುತ್ತೇನೆ. ಗ್ಯಾಸ್ ಸ್ವಲ್ಪ ಜಾಸ್ತಿ ಬರುತ್ತೆ ನಿಜ. ಆದರೆ ಇದನ್ನು ನಂಬಿ ದೊಡ್ಡ ಪ್ಲಾಂಟ್ ಹಾಕಿಸೋರಿಗೆ ನನ್ನ ಮಾತು: ಪಲ್ಪಿಂಗ್ ಇರೋದು ವರ್ಷಕ್ಕೆ ಎರಡು ತಿಂಗಳು, ಅದೂ ಚಳಿಗಾಲ, ಚಳಿಗೆ ಗ್ಯಾಸ್ ಇಳಿಯುತ್ತೆ. ಉಳಿದ ಹತ್ತು ತಿಂಗಳು ಅದಕ್ಕೆ ಹೊಟ್ಟೆಗೆ ಹಾಕೋಕೆ ಕೊಟ್ಟಿಗೆಯಲ್ಲಿ ದನ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಲಾಭ ಅಂತ ಕಣ್ಣಿಗೆ ಕಂಡಿದ್ದು ಸಿಪ್ಪೆ ಗೊಬ್ಬರದಲ್ಲಿ. ಒಂದು ಪದರ ಸಿಪ್ಪೆ, ಒಂದು ಪದರ ತರಗೆಲೆ, ಮೇಲೆ ಸಗಣಿ ನೀರು, ಚೂರು ರಾಕ್ ಫಾಸ್ಫೇಟ್. ಮೊದಲ ವರ್ಷ ತರಗು ಕಡಿಮೆ ಹಾಕಿ ರಾಶಿ ಕೆಸರಾಗಿ ನೊಣದ ಸಂತೆ ಆಗಿತ್ತು. ಈಗ ಕೈ ತುಂಬಾ ತರಗು, ಮೂರು ವಾರಕ್ಕೊಮ್ಮೆ ಮಗುಚೋದು. ಒಳಗೆ ಕೈ ಇಟ್ಟರೆ ಸುಡುತ್ತೆ. ಮಳೆ ಹಿಡಿಯೋ ಹೊತ್ತಿಗೆ ಕಪ್ಪಗೆ, ಉದುರುದುರಾಗಿ, ಕಾಡಿನ ಮಣ್ಣಿನ ವಾಸನೆ. ಸಿಪ್ಪೆಯಲ್ಲಿ ಪೊಟ್ಯಾಷ್ ಚೆನ್ನಾಗಿರುತ್ತೆ, ಹಾಗಾಗಿ ಅಂಗಡಿಯಿಂದ ತರೋ ಪೊಟ್ಯಾಷ್ ಚೀಲ ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ನಿಲ್ಲಿಸೋ ಧೈರ್ಯ ನನಗಿಲ್ಲ.

ಇಷ್ಟೆಲ್ಲಾ ಯಾಕೆ, ಅರೇಬಿಕಾವನ್ನೂ ಚೆರ್ರಿ ಮಾಡಿಬಿಡಿ, ನೀರೇ ಬೇಡವಲ್ಲ ಅಂತ ಕೇಳೋರಿದ್ದಾರೆ. ಸರಿಯಾದ ಪ್ರಶ್ನೆಯೇ. ಬಿಸಿಲು ನಂಬಿಕೆಗೆ ಬಂದರೆ ನಾನೂ ಮಾಡುತ್ತೇನೆ. ಹಣ್ಣು ಸಮೇತ ಒಣಗೋಕೆ ಪಾರ್ಚ್‌ಮೆಂಟಿಗಿಂತ ಎಷ್ಟೋ ಜಾಸ್ತಿ ದಿನ ಬೇಕು, ಕಣದಲ್ಲಿ ಹರಡಿದ ಮೇಲೆ ಜನವರಿಯಲ್ಲಿ ಮೋಡ ಹಾಕಿದರೆ ಬೂಷ್ಟು. ಎರಡು ಸಲ ಅನುಭವಿಸಿದ್ದೇನೆ, ರಾತ್ರಿ ಹನ್ನೊಂದಕ್ಕೆ ಟಾರ್ಪಾಲ್ ಎಳೆದಿದ್ದೇವೆ. ಅದಕ್ಕೇ ಕೊನೆ ಸುತ್ತಿನ ಹಣ್ಣು ಮಾತ್ರ ಚೆರ್ರಿಗೆ.

ಇನ್ನೂ ಸರಿಯಾಗದ್ದು ಹೊಂಡ. ಜೂನ್ ಮಳೆಗೆ ಮುಂಚೆ ಅದು ಖಾಲಿ ಆಗಿರಬೇಕು, ಇಲ್ಲಾಂದರೆ ತುಂಬಿ ಉಕ್ಕಿ ಮತ್ತೆ ಹಳ್ಳಕ್ಕೇ. ಹೋದ ವರ್ಷ ಮೇ ಕೊನೆಯಲ್ಲಿ ಮೋಟರ್ ಸುಟ್ಟು, ಗಸಿ ನೀರನ್ನು ಬಕೆಟ್ಟಿನಲ್ಲಿ ಎತ್ತಿದೆವು. ಮಾವ ಬೇಲಿ ಆಚೆ ನಿಂತು ನೋಡಿದರು, ಆಮೇಲೆ ಮೇಲೆ ಬಂದು ತಮ್ಮ ಡೀಸೆಲ್ ಪಂಪು ಒಯ್ಯೋಕೆ ಹೇಳಿದರು. ಪಂಪಿನ ಬಾಡಿಗೆ ಅಂತ ಎರಡು ಟ್ರೇಲರ್ ಸಿಪ್ಪೆ ಗೊಬ್ಬರ ಹೊಡೆಸಿಕೊಂಡರು. ಕಾಫಿ ಕುಡಿದರು, ಸಕ್ಕರೆ ಜಾಸ್ತಿ ಆಯ್ತು ಅಂದರು.