ಇಬ್ಬರು ಶಾಮೀಲಾದರೆ ಎರಡು ತ್ರಿಕೋನ ಬರೆಯಬೇಕು

ಅಡಿಕೆಗೆ ಮದ್ದು ಬಿಡುವ ಕಾಲ ಹತ್ತಿರವಾದಂತೆ ಕಾಸರಗೋಡು ಕಡೆಯ ಸಹಕಾರಿ ಸಂಘಗಳ ಗೋದಾಮಿಗೆ ಮೈಲುತುತ್ತು (ಕಾಪರ್ ಸಲ್ಫೇಟ್) ಬಂದು ಬೀಳುತ್ತದೆ. ಮಳೆಗೆ ಮೊದಲು ಮಾಲು ಸಿಗಬೇಕು, ದರ ಕೆದಕಿ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಖರೀದಿ ನೋಡುವ ನೌಕರ, ಪೂರೈಕೆದಾರ ಶಾಮೀಲಾಗಲು ಇಷ್ಟು ಸಾಕು. ಆಡಿಟ್‌ನಲ್ಲಿ ನಾನು ಮೊದಲು ಕೈಹಾಕುವುದು ಈ ಖರೀದಿಗೇ.

ನಂಬಿಕೆಯ ಮನುಷ್ಯ ಯಾಕೆ ವಂಚಿಸುತ್ತಾನೆ ಎಂಬ ಬಗ್ಗೆ ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ಮಂಡಿಸಿದ ವಿಚಾರದಿಂದ ಬಂದ ವಂಚನೆಯ ತ್ರಿಕೋನಕ್ಕೆ ಒತ್ತಡ, ಅವಕಾಶ, ಸಮರ್ಥನೆ ಎಂಬ ಮೂರು ಬದಿ. 2004ರಲ್ಲಿ ವುಲ್ಫ್ ಮತ್ತು ಹರ್ಮನ್ಸನ್ ನಾಲ್ಕನೆಯದಾಗಿ ವಂಚಿಸುವ ಸಾಮರ್ಥ್ಯವನ್ನು ಸೇರಿಸಿದರು. ಕ್ರೆಸ್ಸಿ ಹೇಳಿದ ಒತ್ತಡ ಎಂದರೆ ಯಾರಲ್ಲೂ ಹೇಳಿಕೊಳ್ಳಲಾಗದ ಹಣದ ಕಷ್ಟ. ಶಾಮೀಲಿನಲ್ಲಿ ಅದನ್ನು ಪೂರೈಕೆದಾರನ ಹತ್ತಿರ ಹೇಳಿಕೊಂಡಾಗಿರುತ್ತದೆ. ಅವನು ಕೊಟ್ಟ ಕೈಸಾಲವೇ ಇಬ್ಬರ ನಡುವಿನ ಮೊದಲ ಗಂಟು. ಹಾಗಾಗಿ ಇಬ್ಬರಿಗೂ ಬೇರೆಬೇರೆ ತ್ರಿಕೋನ ಬರೆಯುತ್ತೇನೆ. ನೌಕರನ ಒತ್ತಡ ಪೂರೈಕೆದಾರನಿಗೆ ಅವಕಾಶವಾಗುತ್ತದೆ. ‘ಎಲ್ಲ ಕಡೆ ಕಮಿಷನ್ ಉಂಟು’ ಎಂಬ ಸಮರ್ಥನೆಯನ್ನು ಪೂರೈಕೆದಾರನೇ ಒದಗಿಸುತ್ತಾನೆ.

ಬಿಲ್ಲು, ಸ್ಟಾಕ್ ರಿಜಿಸ್ಟರು ಸರಿಯಾಗಿ ತಾಳೆಯಾದರೆ ಸಮಾಧಾನಪಡಬಾರದು. ಕೊಟ್ಟವನೂ ಪಡೆದವನೂ ಕೂತು ಬರೆದದ್ದು ತಾಳೆಯಾಗಲೇಬೇಕು. ಅವರಿಬ್ಬರೂ ಬರೆಯದ ಕಾಗದ ಹುಡುಕಬೇಕು.

ಖರೀದಿಗೆ ಮೊದಲು ಪಡೆದ ಮೂರು ಕೊಟೇಶನ್‌ಗಳ (ದರಪಟ್ಟಿ) ಜಿಎಸ್‌ಟಿ ನಂಬರನ್ನು ಒಂದರ ಕೆಳಗೊಂದು ಬರೆಯಿರಿ. 15 ಅಕ್ಷರಗಳಲ್ಲಿ ಮೊದಲ 2 ರಾಜ್ಯದ್ದು: ಕೇರಳಕ್ಕೆ 32, ಕರ್ನಾಟಕಕ್ಕೆ 29. ಮುಂದಿನ 10 ಅಕ್ಷರ ಪ್ಯಾನ್. ಒಂದು ಕೇರಳದ ಕುಂಬಳೆಯದು, ಇನ್ನೊಂದು ಮಂಗಳೂರಿನದು ಎಂದು ಕಂಡರೂ ನಡುವಿನ 10 ಅಕ್ಷರ ಒಂದೇ ಆಗಿದ್ದರೆ ಮಾಲೀಕ ಒಬ್ಬನೇ, ಪೈಪೋಟಿ ಬರೇ ಕಾಗದದ್ದು. ಗಡಿ ಪಕ್ಕದಲ್ಲೇ ಇರುವ ನಮ್ಮಲ್ಲಿ ಈ ಉಪಾಯ ಸುಲಭ. ಮನೆಯವರ ಹೆಸರಿನಲ್ಲಿ ಸಂಸ್ಥೆ ಮಾಡಿದ್ದರೆ ಪ್ಯಾನ್ ಬೇರೆ ಇರುತ್ತದೆ. ಆಗ ವಿಳಾಸ, ಫೋನ್, ಬ್ಯಾಂಕ್ ಖಾತೆ ಹೋಲಿಸಬೇಕು.

ಮಂಗಳೂರಿನಿಂದ ಬಂದ ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಜಿಎಸ್‌ಟಿ ದಾಖಲೆ) ಬೇಕು. ಅದರಲ್ಲಿರುವ ಲಾರಿ ನಂಬರು, ಗೇಟಿನ ಪುಸ್ತಕ, ಲಾರಿ ತೂಗುವ ವೇಬ್ರಿಡ್ಜ್ ಚೀಟಿ ಮೂರನ್ನೂ ಹೋಲಿಸುತ್ತೇನೆ. ಒಂದೇ ದಿನ 49,000ದ ಆಸುಪಾಸಿನ ಎರಡು ಮೂರು ಬಿಲ್ ಇದ್ದರೆ ಒಂದು ಲೋಡನ್ನು ಒಡೆದಿರುವ ಸಂಶಯ. ತಿಂಗಳುಗಟ್ಟಲೆ ಬಿಲ್ ನಂಬರು ಬಿಡದೆ ಸಾಲಾಗಿ ಬಂದರೆ ಆ ಪೂರೈಕೆದಾರನಿಗೆ ಸಂಘ ಬಿಟ್ಟು ಬೇರೆ ಗಿರಾಕಿ ಇಲ್ಲವೇನೋ ಎಂಬ ಸಂಶಯ.

ಗೋದಾಮಿನಲ್ಲಿ ಎದುರಿನ ಸಾಲು ಬಿಟ್ಟು ಒಳಗಿನ ಚೀಲಗಳನ್ನು ತೆಗೆಸಿ ತೂಗಬೇಕು. ಕೊಟೇಶನ್ ಕೊಟ್ಟು ಆರ್ಡರ್ ಸಿಗದವರಿಗೆ ನಾನೇ ಫೋನ್ ಮಾಡುತ್ತೇನೆ. ‘ನಾವು ಕೊಟೇಶನ್ ಕೊಟ್ಟೇ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಇಷ್ಟರ ಪ್ರತಿ ಕೈಸೇರುವ ತನಕ ಇಬ್ಬರಲ್ಲಿ ಯಾರನ್ನೂ ಪ್ರಶ್ನಿಸಬಾರದು. ಒಬ್ಬನನ್ನು ಕೇಳಿದರೆ ಸಂಜೆಯೊಳಗೆ ಇನ್ನೊಬ್ಬನ ಪುಸ್ತಕ ತಿದ್ದುಪಡಿಯಾಗಿರುತ್ತದೆ.