ಬ್ರಿಟನ್ನಿನ ಮನೆ ಮಕ್ಕಳ ಕೈಸೇರುವ ಮುನ್ನ: ಉತ್ತರಾಧಿಕಾರ ತೆರಿಗೆಯ ಲೆಕ್ಕ ಮತ್ತು ಸರದಿ

ಬ್ರಿಟನ್ನಿನಲ್ಲಿ ತೀರಿಕೊಂಡವರ ಆಸ್ತಿಗೆ ಶೇ 40ರ ತೆರಿಗೆ ಎಂದು ಕೇಳಿದವರೆಲ್ಲ ಹೌಹಾರುತ್ತಾರೆ. ವಾಸ್ತವದಲ್ಲಿ ನೂರು ಸಾವುಗಳಲ್ಲಿ ಈ ತೆರಿಗೆ ಬೀಳುವುದು ಐದಕ್ಕೂ ಕಡಿಮೆ. ತೆರಿಗೆ ಬಿದ್ದ ಮನೆಯವರನ್ನು ಹೆಚ್ಚು ಕಾಡುವುದು ಕೆಲಸಗಳ ಸರದಿ: ತೆರಿಗೆ ಕಟ್ಟದೆ ಪ್ರೊಬೇಟ್ (ಮೃತರ ಆಸ್ತಿ ನಿರ್ವಹಿಸಲು ಕೊಡುವ ಕಾನೂನು ಅಧಿಕಾರಪತ್ರ) ಸಿಗದು, ಪ್ರೊಬೇಟ್ ಇಲ್ಲದೆ ಮನೆ ಮಾರಾಟವಾಗದು, ಮನೆ ಮಾರದೆ ಕೈಗೆ ಕಾಸು ಬಾರದು. ಈ ಗಂಟನ್ನು ಬಿಡಿಸುವ ಕ್ರಮ ಇಲ್ಲಿದೆ.

ಮೊದಲು ಪಟ್ಟಿ

ಸಾವಿನ ದಿನದಂದು ಇದ್ದ ಮಾರುಕಟ್ಟೆ ಬೆಲೆಯೇ ಲೆಕ್ಕಕ್ಕೆ. ಮನೆ, ಬ್ಯಾಂಕ್ ಉಳಿತಾಯ, ಷೇರು, ಕಾರು, ಒಡವೆ ಎಲ್ಲವನ್ನೂ ಬರೆಯಿರಿ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚನ್ನು ಕಳೆಯಬಹುದು. ವಕೀಲರ ಶುಲ್ಕ, ಪ್ರೊಬೇಟ್ ಶುಲ್ಕ ಕಳೆಯುವಂತಿಲ್ಲ. ಇಲ್ಲಿ ಎಡವುವವರು ಬಹಳ.

ಬೆಂಗಳೂರಿನಲ್ಲೊಂದು ಸೈಟು ಇದ್ದರೆ? 2025ರ ಏಪ್ರಿಲ್ 6ರಿಂದ ನಿಯಮ ಬದಲಾಗಿದೆ. ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಬ್ರಿಟನ್ ನಿವಾಸಿಯಾಗಿದ್ದವರ ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಸೇರುತ್ತದೆ. ಊರಿಗೆ ಮರಳಿದ ಮೇಲೂ ಈ ಬಾಲ 3ರಿಂದ 10 ವರ್ಷ ಹಿಂಬಾಲಿಸುತ್ತದೆ. ಸೈಟಿಗೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಬರೆದರೆ ಸಾಲದು, ನಿಜವಾದ ಮಾರುಕಟ್ಟೆ ಬೆಲೆಗೆ ಮೌಲ್ಯಮಾಪಕರ ವರದಿ ಬೇಕು. ವಿದೇಶಿ ಆಸ್ತಿಗೆ ತೆರಿಗೆ ಇಲಾಖೆಯ ಫಾರಂ ಐಎಚ್‌ಟಿ 417. ಭಾರತ ತನ್ನ ಎಸ್ಟೇಟ್ ಡ್ಯೂಟಿಯನ್ನು (ಮೃತರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ರದ್ದು ಮಾಡಿದರೂ ಒಂದೇ ಆಸ್ತಿಗೆ ಎರಡು ಕಡೆ ತೆರಿಗೆ ತಪ್ಪಿಸುವ, ಎರಡು ದೇಶಗಳ ನಡುವಿನ 1956ರ ಒಪ್ಪಂದ ಇನ್ನೂ ಜಾರಿಯಲ್ಲಿದೆ. ಮೃತರ ಕಾಯಂ ನೆಲೆ ಭಾರತವೇ ಎಂದು ಕಾನೂನಿನ ಪ್ರಕಾರ ತೋರಿಸಬಲ್ಲ ಕೆಲವರಿಗೆ ಅದು ನೆರವಾಗಬಹುದು. ಇದು ತಜ್ಞ ವಕೀಲರ ಕೆಲಸ, ಪರಿಚಯದವರ ಮಾತು ನಂಬಿ ಮಾಡುವಂಥದ್ದಲ್ಲ.

ಆಮೇಲೆ ವಿನಾಯಿತಿ

ಒಬ್ಬರಿಗೆ 3.25 ಲಕ್ಷ ಪೌಂಡ್‌ವರೆಗೆ ತೆರಿಗೆ ಇಲ್ಲ. ವಾಸದ ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದರೆ ಇನ್ನೂ 1.75 ಲಕ್ಷ. ತಮ್ಮನ ಮಗನಿಗೆ ಬರೆದರೆ ಈ ಎರಡನೆಯದು ಇಲ್ಲ. ಒಟ್ಟು ಆಸ್ತಿ 20 ಲಕ್ಷ ದಾಟಿದರೆ ಪ್ರತಿ 2 ಪೌಂಡ್‌ಗೆ 1 ಪೌಂಡ್‌ನಂತೆ ಅದು ಕರಗುತ್ತ ಹೋಗುತ್ತದೆ. ಗಂಡ ಹೆಂಡತಿಯ ನಡುವೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲ. ಆದರೆ ಬದುಕಿರುವ ಸಂಗಾತಿ ದೀರ್ಘಕಾಲದ ನಿವಾಸಿ ಅಲ್ಲದಿದ್ದರೆ ಆ ವಿನಾಯಿತಿಗೂ 3.25 ಲಕ್ಷದ ಮಿತಿ. ಮದುವೆಯಾಗದೆ ಜೊತೆಗಿದ್ದವರಿಗೆ, ಎಷ್ಟೇ ವರ್ಷ ಇದ್ದಿರಲಿ, ಸಂಗಾತಿಯ ವಿನಾಯಿತಿ ಸಿಗದು.

ತಂದೆ 2015ರಲ್ಲಿ ಎಲ್ಲವನ್ನೂ ತಾಯಿಗೆ ಬಿಟ್ಟು ತೀರಿಕೊಂಡರು, ಈಗ ತಾಯಿಯೂ ಇಲ್ಲ ಎಂದುಕೊಳ್ಳಿ. ಮನೆ 7.2 ಲಕ್ಷ, ಉಳಿತಾಯ 3.8 ಲಕ್ಷ, ಸೈಟು 1 ಲಕ್ಷ. ಸಾಲ ಮತ್ತು ಅಂತ್ಯಕ್ರಿಯೆ 10 ಸಾವಿರ ಕಳೆದರೆ 11.9 ಲಕ್ಷ ಪೌಂಡ್. ತಾಯಿಯ ಪಾಲಿನ ವಿನಾಯಿತಿ 5 ಲಕ್ಷ, ತಂದೆ ಬಳಸದೆ ಬಿಟ್ಟದ್ದು 5 ಲಕ್ಷ. ಉಳಿದ 1.9 ಲಕ್ಷಕ್ಕೆ ಶೇ 40, ಅಂದರೆ 76 ಸಾವಿರ. ತಂದೆಯ ಪಾಲು ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು: 3.25 ಲಕ್ಷಕ್ಕೆ ಐಎಚ್‌ಟಿ 402, ಮನೆಯ ವಿನಾಯಿತಿಗೆ ಐಎಚ್‌ಟಿ 436. ತಾಯಿಯ ಸ್ವಂತ ಮನೆ ವಿನಾಯಿತಿಗೂ ಬೇರೆ ಫಾರಂ, ಐಎಚ್‌ಟಿ 435. ತಾಯಿ ತೀರಿಕೊಂಡ ತಿಂಗಳ ಕೊನೆಯಿಂದ ಎರಡು ವರ್ಷ ಗಡುವು. ತಂದೆಯ ಎರಡು ಫಾರಂ ಬಿಟ್ಟುಹೋದರೆ ಹೆಚ್ಚುವರಿ ತೆರಿಗೆ 2 ಲಕ್ಷ ಪೌಂಡ್! ಮನೆಯ ವಿನಾಯಿತಿ ಶುರುವಾದದ್ದೇ 2017ರಲ್ಲಿ, ಅದಕ್ಕೂ ಮೊದಲೇ ಹೋದ ತಂದೆಗೆ ಅದೆಲ್ಲಿಂದ ಎಂದು ಕೈಬಿಡಬೇಡಿ, ಅವರ ಪಾಲೂ ವರ್ಗವಾಗುತ್ತದೆ. ಮದುವೆ ಪ್ರಮಾಣಪತ್ರ, ತಂದೆಯ ಮರಣಪತ್ರ, ಅವರ ಉಯಿಲಿನ ಪ್ರತಿಯನ್ನು ತಾಯಿ ಇರುವಾಗಲೇ ಒಂದು ಕಡತದಲ್ಲಿ ಹಾಕಿಡುವುದು ಜಾಣತನ.

ಈ ವರ್ಗಾವಣೆ ಬಂದದ್ದೇ ರಾಜಕೀಯದ ಹಗ್ಗಜಗ್ಗಾಟದಿಂದ. 2007ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಜಾರ್ಜ್ ಆಸ್ಬೋರ್ನ್ ಮಿತಿಯನ್ನು 10 ಲಕ್ಷಕ್ಕೆ ಏರಿಸುವ ಭರವಸೆ ಕೊಟ್ಟರು. ಅವಧಿಗೆ ಮುನ್ನ ಚುನಾವಣೆಯ ಯೋಚನೆಯಲ್ಲಿದ್ದ ಪ್ರಧಾನಿ ಗಾರ್ಡನ್ ಬ್ರೌನ್ ಹಿಂದೆ ಸರಿದರು. ಅದೇ ತಿಂಗಳ 9ರಂದು ಲೇಬರ್ ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್ ದಂಪತಿಗಳಿಗೆ ಈ ಸೌಲಭ್ಯ ಘೋಷಿಸಿದರು. 3.25 ಲಕ್ಷದ ಮಿತಿಯಾದರೋ 2009ರಿಂದ ಕದಲಿಲ್ಲ, 2031ರ ಏಪ್ರಿಲ್‌ವರೆಗೆ ಕದಲುವುದೂ ಇಲ್ಲ. ಮನೆ ಬೆಲೆ ಏರುತ್ತದೆ, ಮಿತಿ ನಿಂತಲ್ಲೇ ನಿಲ್ಲುತ್ತದೆ. ದರ ಮುಟ್ಟದೆ ತೆರಿಗೆ ಹೆಚ್ಚಿಸುವ ಈ ಉಪಾಯವನ್ನು ಎರಡೂ ಪಕ್ಷಗಳು ಬಳಸಿವೆ.

ಉಡುಗೊರೆಯ ಏಳು ವರ್ಷ

ವರ್ಷಕ್ಕೆ 3,000 ಪೌಂಡ್, ಮಗ ಅಥವಾ ಮಗಳ ಮದುವೆಗೆ 5,000 ಪೌಂಡ್ ಕೊಟ್ಟರೆ ಯಾರೂ ಕೇಳುವುದಿಲ್ಲ. ದೊಡ್ಡ ಮೊತ್ತ ಕೊಟ್ಟು ಏಳು ವರ್ಷ ಬದುಕಿದರೆ ಅದು ಲೆಕ್ಕದಿಂದ ಹೊರಗೆ. ಮೂರು ವರ್ಷ ಕಳೆದ ಮೇಲೆ ತೆರಿಗೆ ಇಳಿಯುತ್ತದೆ ನಿಜ, ಆದರೆ ಆ ಇಳಿಕೆ 3.25 ಲಕ್ಷ ಮೀರಿದ ಉಡುಗೊರೆಗೆ ಮಾತ್ರ. ಮನೆಯನ್ನು ಮಗನ ಹೆಸರಿಗೆ ಬರೆದು ಅದೇ ಮನೆಯಲ್ಲಿ ಬಾಡಿಗೆ ಕೊಡದೆ ಉಳಿದರೆ ಏಳಲ್ಲ, ಇಪ್ಪತ್ತು ವರ್ಷವಾದರೂ ಅದು ನಿಮ್ಮದೇ ಆಸ್ತಿ ಎಂದು ಇಲಾಖೆ ಎಣಿಸುತ್ತದೆ. ಮಾರುಕಟ್ಟೆ ದರದ ಬಾಡಿಗೆ ಕೊಟ್ಟರೆ ಸರಿ. ಆಗ ಮಗ ಆ ಬಾಡಿಗೆಗೆ ಆದಾಯ ತೆರಿಗೆ ಕಟ್ಟಬೇಕು. ಇನ್ನೊಂದು: ಬಳಸದೆ ಉಳಿದ ಪಿಂಚಣಿ ನಿಧಿ ಇದುವರೆಗೆ ಬಹುತೇಕ ಲೆಕ್ಕದ ಹೊರಗಿತ್ತು, 2027ರ ಏಪ್ರಿಲ್ 6ರಿಂದ ಒಳಗೆ ಬರುತ್ತದೆ.

ಹಣ ಕಟ್ಟುವ ಸರದಿ

ಸಾವಿನ ತಿಂಗಳ ನಂತರದ ಆರನೇ ತಿಂಗಳ ಕೊನೆಯ ದಿನ ಗಡುವು. ಮಾರ್ಚ್‌ನಲ್ಲಿ ತೀರಿಕೊಂಡರೆ ಸೆಪ್ಟೆಂಬರ್ 30, ಮರುದಿನದಿಂದಲೇ ಬಡ್ಡಿ. ಮುಖ್ಯ ಫಾರಂ ಐಎಚ್‌ಟಿ 400 ಸಲ್ಲಿಸಲು ಒಂದು ವರ್ಷ ಇರುವುದರಿಂದ ಹಣಕ್ಕೂ ವರ್ಷವಿದೆ ಎಂದು ತಪ್ಪು ತಿಳಿದು ಬಡ್ಡಿ ತೆರುವವರಿದ್ದಾರೆ.

ಹಣ ಕಟ್ಟುವುದಕ್ಕೆ ಕನಿಷ್ಠ ಮೂರು ವಾರ ಮೊದಲು ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಿಂದ ಉಲ್ಲೇಖ ಸಂಖ್ಯೆ ಪಡೆಯಿರಿ. ತಾಯಿಯ ಖಾತೆಯಲ್ಲಿ ದುಡ್ಡಿದ್ದರೆ ಐಎಚ್‌ಟಿ 423 ತುಂಬಿ ಬ್ಯಾಂಕಿಗೆ ಕೊಡಿ. ಪ್ರೊಬೇಟ್‌ಗೆ ಕಾಯದೆ ಬ್ಯಾಂಕೇ ನೇರವಾಗಿ ಇಲಾಖೆಗೆ ಕಟ್ಟುತ್ತದೆ. ಮೇಲಿನ ಉದಾಹರಣೆಯಲ್ಲಿ 3.8 ಲಕ್ಷ ಉಳಿತಾಯ ಇರುವುದರಿಂದ ಗಂಟು ಇಲ್ಲೇ ಬಿಚ್ಚಿತು. ಮನೆ ಮಾತ್ರ ಇದ್ದು ಕಾಸಿಲ್ಲದಿದ್ದರೆ ಮನೆಯ ಪಾಲಿನ ತೆರಿಗೆಯನ್ನು ಹತ್ತು ವಾರ್ಷಿಕ ಕಂತುಗಳಲ್ಲಿ, ಬಡ್ಡಿಸಮೇತ, ಕಟ್ಟಬಹುದು. ನಡುವೆ ಮನೆ ಮಾರಿದರೆ ಬಾಕಿಯೆಲ್ಲ ಒಮ್ಮೆಗೇ ಕೊಡಬೇಕು. ಎಲ್ಲ ತೀರಿಸದೆ ಆಸ್ತಿ ಹಂಚಿಬಿಟ್ಟ ಎಕ್ಸಿಕ್ಯೂಟರ್ (ಉಯಿಲನ್ನು ಜಾರಿಗೆ ತರುವವರು) ತನ್ನ ಜೇಬಿನಿಂದ ತುಂಬಬೇಕಾದೀತು.

ರೈತರ ಕಥೆ ಬೇರೆ. 2024ರ ಅಕ್ಟೋಬರ್ 30ರ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್, ಜಮೀನಿನ ಪೂರ್ಣ ವಿನಾಯಿತಿಯನ್ನು 10 ಲಕ್ಷ ಪೌಂಡ್‌ಗೆ ಸೀಮಿತಗೊಳಿಸಿ ಮೇಲಿನದಕ್ಕೆ ಅರ್ಧ ರಿಯಾಯಿತಿ, ಅಂದರೆ ಶೇ 20ರ ತೆರಿಗೆ ಎಂದರು. ರೈತರು ಲಂಡನ್ನಿನ ಬೀದಿಗಿಳಿದರು, ಟ್ರ್ಯಾಕ್ಟರ್‌ಗಳೂ ಬಂದವು. 2025ರ ಡಿಸೆಂಬರ್‌ನಲ್ಲಿ ಸರ್ಕಾರ ಮಿತಿಯನ್ನು 25 ಲಕ್ಷಕ್ಕೆ ಏರಿಸಿತು; ದಂಪತಿಗೆ 50 ಲಕ್ಷ. ಹೊಸ ನಿಯಮ 2026ರ ಏಪ್ರಿಲ್ 6ರಿಂದ. ಜಮೀನಿನ ತೆರಿಗೆಗೆ ಹತ್ತು ಕಂತು, ಬಡ್ಡಿ ಇಲ್ಲ.

ತೆರಿಗೆ ಕಟ್ಟಿದ ಮೇಲೆ ಮನೆ ಅಂದಾಜಿಗಿಂತ ಕಡಿಮೆಗೆ ಹೋಯಿತೇ? ಸಾವಿನ ನಾಲ್ಕು ವರ್ಷದೊಳಗೆ ಮಾರಿದ್ದರೆ ಐಎಚ್‌ಟಿ 38 ಸಲ್ಲಿಸಿ ವ್ಯತ್ಯಾಸದ ತೆರಿಗೆ ವಾಪಸು ಕೇಳಬಹುದು. ಕೊಂಡವರು ಮನೆಯ ವಾರಸುದಾರರೇ ಆಗಿದ್ದರೆ ಕೊಡುವುದಿಲ್ಲ.